ನಾದದೊಳಗಣ ನುಡಿ: ಧ್ವನಿಮಿಶ್ರಣದಿಂದ ಕಲಿತ ಪಾಠ



ಕಳೆದ ವರ್ಷದ ಶಾಲಾ ವಾರ್ಷಿಕೋತ್ಸವದ ರಾತ್ರಿ ನಮ್ಮ ಅಂಗಳದಲ್ಲಿ ಒಂದು ತಾಳಮದ್ದಳೆ ಜರಗಿದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಅಂದು ನಮ್ಮೂರಿನ ವೃದ್ಧ ಭಾಗವತರೊಬ್ಬರು ನಮ್ಮ ಒತ್ತಾಯಕ್ಕೆ ಮಣಿದು, ಎಷ್ಟೋ ವರ್ಷಗಳ ಬಳಿಕ ಜಾಗಟೆ ಹಿಡಿದು ಮೂರು ಪದಗಳನ್ನು ಹಾಡಿದರು. ಅವುಗಳಲ್ಲಿ ಎರಡು ಅಚ್ಚಾದ ಪ್ರಸಂಗದವು. ಮೂರನೆಯದು ಅವರು ತಮ್ಮ ಗುರುಗಳ ಬಾಯಿಯಿಂದಲೇ ಕಲಿತದ್ದು, ಯಾವ ಪುಸ್ತಕದಲ್ಲಿಯೂ ನಮಗೆ ದೊರೆಯದದ್ದು. ನಾವು ಅದನ್ನು ಧ್ವನಿಮುದ್ರಿಸಿಕೊಂಡೆವು. ಮಳೆಗಾಲ ಹಿಡಿಯುವ ಮೊದಲೇ ಆ ಹಿರಿಯರು ತೀರಿಕೊಂಡರು.

ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಒಂಬತ್ತನೆಯ ತರಗತಿಯಲ್ಲಿ ಓದುವ ಅವರ ಮೊಮ್ಮಗಳು ನಮ್ಮ ಕೊಠಡಿಗೆ ಬಂದು ಆ ಮುದ್ರಣವನ್ನು ಕೇಳಿದಳು. ಸಂತೋಷದಿಂದಲೇ ಕೊಟ್ಟೆವು. ಮರುದಿನ ಮರಳಿ ಬಂದು ಅವಳು ಹೇಳಿದ ಮಾತು ಇದು: "ಅಜ್ಜನ ಸ್ವರ ಕೇಳುತ್ತದೆ ಮಾಸ್ಟ್ರೇ. ಆದರೆ ಪದದ ಅಕ್ಷರ ಒಂದೂ ಗೊತ್ತಾಗುವುದಿಲ್ಲ."

ಕುಳಿತು ಕೇಳಿದೆವು. ಹುಡುಗಿ ಹೇಳಿದುದು ನಿಜವಾಗಿತ್ತು. ಚೆಂಡೆಯ ಹೊಡೆತಗಳ ನಡುವೆ ಅಜ್ಜನ ಕಂಠ ಏರಿ ಇಳಿಯುತ್ತಿತ್ತು; ರಾಗ ತಿಳಿಯುತ್ತಿತ್ತು; ಸಾಹಿತ್ಯ ಮಾತ್ರ ಇರಲಿಲ್ಲ. ತಪ್ಪು ನಮ್ಮದೇ. ಇದ್ದ ಒಂದೇ ಮೈಕನ್ನು "ಎಲ್ಲವೂ ಚೆನ್ನಾಗಿ ಕೇಳಲಿ" ಎಂದು ಹಿಮ್ಮೇಳದ ನಡುವೆ, ಚೆಂಡೆಯ ಮಗ್ಗುಲಲ್ಲಿ ನಿಲ್ಲಿಸಿದವರು ನಾವು. ಎಲ್ಲವೂ ಕೇಳಲಿ ಎಂದು ಬಯಸಿದ್ದರಿಂದ ಮುಖ್ಯವಾದುದೇ ಕೇಳದೆ ಹೋಯಿತು. ಈ ಲೇಖನವು ಆ ತಪ್ಪಿನಿಂದ ನಾವೂ ನಮ್ಮ ವಿದ್ಯಾರ್ಥಿಗಳೂ ಕಲಿತ ಪಾಠವಾಗಿದೆ.

ಸ್ವರ ಮತ್ತು ವ್ಯಂಜನ

ಮೊಮ್ಮಗಳ ಮಾತಿನಲ್ಲಿ ಒಂದು ಸೂಕ್ಷ್ಮವಿದೆ. 'ಸ್ವರ ಕೇಳುತ್ತದೆ, ಅಕ್ಷರ ಕೇಳುವುದಿಲ್ಲ' ಎಂದಳಲ್ಲವೇ? ನಮ್ಮ ಭಾಷೆಯಲ್ಲಿ 'ಸ್ವರ' ಎಂಬ ಮಾತಿಗೆ ಮೂರು ಅರ್ಥಗಳುಂಟು. ವ್ಯಾಕರಣದಲ್ಲಿ ಅ, ಆ, ಇ, ಈ ಮೊದಲಾದವು ಸ್ವರಗಳು. ಸಂಗೀತದಲ್ಲಿ ಸ, ರಿ, ಗ, ಮ ಎಂಬವು ಸ್ವರಗಳು. ಆಡುಮಾತಿನಲ್ಲಿ ಮನುಷ್ಯನ ಕಂಠಧ್ವನಿಯೇ ಸ್ವರ. ಈ ಮೂರೂ ಒಂದೇ ಹೆಸರನ್ನು ಹೊತ್ತಿರುವುದು ಆಕಸ್ಮಿಕವಲ್ಲ. ಹಾಡುವಾಗ ನಾವು ಎಳೆಯುವುದು, ಬಾಗಿಸುವುದು, ಗಮಕ ಕೊಡುವುದು ವರ್ಣಮಾಲೆಯ ಸ್ವರಗಳ ಮೇಲೆಯೇ. 'ರಾಮಾ' ಎಂಬುದನ್ನು ಭಾಗವತರು ಎಷ್ಟು ಎಳೆದರೂ ಆ ಎಳೆತವೆಲ್ಲ 'ಆ'ಕಾರದಲ್ಲಿ ನಡೆಯುತ್ತದೆ. 'ಕ್' ಎಂಬುದನ್ನು ಎಳೆಯಲು ಯಾವ ವಿದ್ವಾಂಸನಿಂದಲೂ ಆಗದು.

ವ್ಯಂಜನವೆಂದರೆ ಅನ್ನದ ಜೊತೆಗೆ ಬಡಿಸುವ ಪದಾರ್ಥವೆಂಬ ಅರ್ಥವೂ ಉಂಟು. ಎಲೆಯ ತುಂಬ ಅನ್ನವಿದ್ದರೂ ಪಲ್ಯ, ಸಾರು ಇಲ್ಲದಿದ್ದರೆ ಊಟಕ್ಕೆ ರುಚಿಯಿಲ್ಲ. ಹಾಗೆಯೇ ಸ್ವರದಿಂದ ನಾದ ತುಂಬುತ್ತದೆ. ಆದರೆ ಒಂದು ಮಾತನ್ನು ಇನ್ನೊಂದರಿಂದ ಬೇರೆಮಾಡಿ ತೋರಿಸುವ ಕೆಲಸದಲ್ಲಿ ಹೆಚ್ಚಿನ ಪಾಲು ವ್ಯಂಜನಗಳದು. 'ಬಲೆ', 'ಬಳೆ', 'ಬರೆ', 'ಬಗೆ' ಇವುಗಳಲ್ಲಿ ಸ್ವರಗಳು ಒಂದೇ, ಅರ್ಥಗಳು ನಾಲ್ಕು.

13ನೆಯ ಶತಮಾನದಲ್ಲಿ 'ಶಬ್ದಮಣಿದರ್ಪಣ'ವನ್ನು ರಚಿಸಿದ ಕೇಶಿರಾಜನು ಶಬ್ದವು ಹುಟ್ಟುವ ಬಗೆಯನ್ನು ವಿವರಿಸುವಾಗ ದೇಹವನ್ನು ವಾದ್ಯವೆಂದೂ, ನಾಲಗೆಯನ್ನು ಅದನ್ನು ನುಡಿಸುವ ಕೋಲೆಂದೂ, ಆತ್ಮನನ್ನು ನುಡಿಸುವವನೆಂದೂ ಹೇಳಿದ್ದಾನೆ. ವ್ಯಾಕರಣದ ಗ್ರಂಥವೊಂದು ವಾದ್ಯದ ಹೋಲಿಕೆಯಿಂದ ಮಾತನ್ನು ವಿವರಿಸುವುದು ನಮಗೆ ಹೆಮ್ಮೆಯ ವಿಷಯ. ಚೆಂಡೆಗೆ ಕೋಲು, ನುಡಿಗೆ ನಾಲಗೆ. ಆದರೆ ಆ ರಾತ್ರಿ ನಮ್ಮ ಅಂಗಳದಲ್ಲಿ ಒಂದು ಕೋಲು ಇನ್ನೊಂದು ಕೋಲಿನ ಸದ್ದನ್ನು ಅಡಗಿಸಿತು. ಅದು ಹೇಗೆ ಎಂಬುದನ್ನು ಈಗ ನೋಡೋಣ.

ಒಂದು ಧ್ವನಿ ಇನ್ನೊಂದನ್ನು ಮುಚ್ಚುವ ಬಗೆ

ಧ್ವನಿಯೆಂಬುದು ಗಾಳಿಯ ಕಂಪನ. ಒಂದು ಸೆಕೆಂಡಿಗೆ ಎಷ್ಟು ಕಂಪನಗಳೆಂಬುದನ್ನು ಹರ್ಟ್ಸ್ ಎಂಬ ಮಾನದಿಂದ ಅಳೆಯುತ್ತಾರೆ. ಮನುಷ್ಯನ ಕಿವಿ ಸುಮಾರು 20ರಿಂದ 20,000 ಹರ್ಟ್ಸ್‌ವರೆಗಿನ ಧ್ವನಿಯನ್ನು ಗ್ರಹಿಸಬಲ್ಲದು. ಮಾತನಾಡುವ ಗಂಡಸಿನ ಕಂಠದ ಮೂಲಕಂಪನ ಸಾಧಾರಣವಾಗಿ 100ರಿಂದ 150 ಹರ್ಟ್ಸ್; ಹೆಂಗಸರದು 200ರ ಸುಮಾರು; ಮಕ್ಕಳದು ಅದಕ್ಕಿಂತಲೂ ಮೇಲೆ. ಈ ಮೂಲಕಂಪನದ ಮೇಲೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಗಳುಳ್ಳ ಉಪಸ್ವರಗಳು ಅಡಕವಾಗಿರುತ್ತವೆ. ಒಂದೇ ಶ್ರುತಿಯಲ್ಲಿ 'ಆ', 'ಈ', 'ಊ' ಎಂದು ಹಾಡಿ ನೋಡಿರಿ. ಶ್ರುತಿ ಬದಲಾಗುವುದಿಲ್ಲ, ಬಾಯಿಯ ಆಕಾರ ಬದಲಾಗಿ ಬೇರೆ ಬೇರೆ ಉಪಸ್ವರಗಳು ಬಲಗೊಳ್ಳುತ್ತವೆ. ಅದರಿಂದಲೇ ಮೂರು ಅಕ್ಷರಗಳು ಮೂರಾಗಿ ಕೇಳುತ್ತವೆ.

ವ್ಯಂಜನಗಳ ಸಂಗತಿ ಬೇರೆ. ಅವು ಅಲ್ಪಾಯುಗಳು, ಕ್ಷೀಣಬಲರು. ಕ, ಟ, ತ, ಪಗಳ ಸ್ಫೋಟವು ಸೆಕೆಂಡಿನ ನೂರರಲ್ಲಿ ಕೆಲವು ಪಾಲುಗಳಷ್ಟೇ ಬಾಳುತ್ತದೆ. ಅವುಗಳನ್ನು ಗುರುತಿಸಲು ಬೇಕಾದ ಸುಳಿವುಗಳಲ್ಲಿ ಬಹುಭಾಗ 2,000ರಿಂದ 4,000 ಹರ್ಟ್ಸ್‌ವರೆಗಿನ ಎಡೆಯಲ್ಲಿದೆ. ಸಕಾರದ ಸೀತ್ಕಾರವಂತೂ ಅದಕ್ಕಿಂತಲೂ ಮೇಲಕ್ಕೆ ಹೋಗುತ್ತದೆ. ಹಳೆಯ ದೂರವಾಣಿಗಳು 300ರಿಂದ 3,400 ಹರ್ಟ್ಸ್‌ವರೆಗೆ ಮಾತ್ರ ಸಾಗಿಸುತ್ತಿದ್ದುದರಿಂದಲೇ ಅವುಗಳಲ್ಲಿ ಹೆಸರುಗಳನ್ನು ಅಕ್ಷರ ಬಿಡಿಸಿ ಹೇಳಬೇಕಾಗುತ್ತಿತ್ತು.

ಕೋಲಿನ ಪೆಟ್ಟು ಬಿದ್ದ ಚೆಂಡೆಯ ಧ್ವನಿಯಾದರೋ ಕೆಳಗಿನಿಂದ ಮೇಲಿನವರೆಗೆ ಎಲ್ಲ ಎಡೆಗಳನ್ನೂ ಒಮ್ಮೆಗೇ ಆವರಿಸುತ್ತದೆ. ಬಲವಾದ ಧ್ವನಿಯ ಸಮೀಪದಲ್ಲಿ ಅದೇ ಎಡೆಯ ದುರ್ಬಲ ಧ್ವನಿ ಕಿವಿಗೆ ಇಲ್ಲವೆನ್ನುವಷ್ಟು ಮರೆಯಾಗುತ್ತದೆ. ಹಗಲಿನಲ್ಲಿ ನಕ್ಷತ್ರಗಳಿದ್ದರೂ ಕಾಣದಿರುವಂತೆ. ಎಳೆದು ಹಾಡಿದ ಸ್ವರವು ಪೆಟ್ಟುಗಳ ನಡುವಿನ ತೆರವಿನಲ್ಲಾದರೂ ತಲೆಯೆತ್ತುತ್ತದೆ. ಕ್ಷಣಮಾತ್ರದ ವ್ಯಂಜನಕ್ಕೆ ಆ ಅವಕಾಶವಿಲ್ಲ. ತಾಳದ ಪೆಟ್ಟೂ ಅಕ್ಷರದ ಆರಂಭವೂ ಹಲವು ವೇಳೆ ಒಂದೇ ಕ್ಷಣದಲ್ಲಿ ಬೀಳುವುದರಿಂದ ಅದು ಪೂರ್ತಿಯಾಗಿ ಮುಚ್ಚಿಹೋಗುತ್ತದೆ. ಹೀಗಾಗಿ ಅಜ್ಜನ ಸ್ವರ ಉಳಿಯಿತು, ಅಕ್ಷರ ಅಳಿಯಿತು.

ಮದ್ದಳೆ ಇಷ್ಟು ತೊಂದರೆ ಕೊಡದಿರುವುದಕ್ಕೂ ಕಾರಣವುಂಟು. ನಮ್ಮ ದೇಶದ ಮೃದಂಗ, ತಬಲಾಗಳ ಚರ್ಮದ ನಡುವೆ ಮೆತ್ತಿದ ಕಪ್ಪು ಲೇಪವು ಅವುಗಳ ಉಪಸ್ವರಗಳನ್ನು ತಂತಿವಾದ್ಯಗಳಲ್ಲಿರುವಂತೆ ಕ್ರಮಬದ್ಧಗೊಳಿಸುತ್ತದೆಂಬುದನ್ನು ಸರ್ ಚಂದ್ರಶೇಖರ ವೆಂಕಟರಾಮನ್ನರು 1920ರಲ್ಲಿಯೂ 1934ರಲ್ಲಿಯೂ ಪ್ರಕಟಿಸಿದ ಲೇಖನಗಳಲ್ಲಿ ತೋರಿಸಿಕೊಟ್ಟರು. ಅದೇ ಜಾತಿಯ ಲೇಪವುಳ್ಳ ಮದ್ದಳೆಯು ಶ್ರುತಿಗೆ ಸೇರಿ, ಕಂಠದೊಡನೆ ಜಗಳವಾಡದೆ ಕುಳಿತುಕೊಳ್ಳುತ್ತದೆ.

ಹಿರಿಯರ ಧ್ವನಿಮಿಶ್ರಣ

ಬೇರೆ ಬೇರೆ ಧ್ವನಿಗಳನ್ನು ಬೇರೆ ಬೇರೆಯಾಗಿ ಹಿಡಿದು, ಯಾವುದು ಎಷ್ಟು ಕೇಳಬೇಕೆಂದು ನಿರ್ಣಯಿಸಿ ಒಂದುಗೂಡಿಸುವುದಕ್ಕೆ ಧ್ವನಿಮಿಶ್ರಣವೆಂದು ಹೆಸರು. ಇದು ವಿದ್ಯುದ್ಯಂತ್ರಗಳೊಡನೆ ಹುಟ್ಟಿದ ವಿದ್ಯೆಯೆಂದು ವಿದ್ಯಾರ್ಥಿಗಳು ಎಣಿಸಬಾರದು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಎಂಬ ಗಾಯಕಿಯ ಹಾಡುಗಳನ್ನು ಮುದ್ರಿಸಿದಾಗ ಮೈಕು ಇರಲಿಲ್ಲ. ದೊಡ್ಡ ಕಹಳೆಯಂತಹ ಕೊಳವೆಯೊಳಗೆ ಹಾಡಬೇಕಾಗಿತ್ತು. ಆ ಕಾಲದ ಮುದ್ರಣಕಾರರು ಮೆಲುದನಿಯವರನ್ನು ಕೊಳವೆಯ ಸಮೀಪದಲ್ಲಿಯೂ ಗಟ್ಟಿವಾದ್ಯದವರನ್ನು ದೂರದಲ್ಲಿಯೂ ನಿಲ್ಲಿಸಿ ಸಮತೋಲ ಸಾಧಿಸುತ್ತಿದ್ದರು. ದೂರ, ಸಮೀಪಗಳೇ ಅವರ ಗುಂಡಿಗಳು.

ನಮ್ಮ ನಾಡಿನ ಹಿರಿಯರಂತೂ ಅದಕ್ಕಿಂತ ಬಹು ಹಿಂದೆಯೇ ಈ ವಿವೇಕವನ್ನು ಕಂಡುಕೊಂಡಿದ್ದರು. ರಾಮಾಯಣದ ಪ್ರಸಂಗಗಳನ್ನು ರಚಿಸಿದ ಪಾರ್ತಿಸುಬ್ಬನ ಊರೆಂದು ಕುಂಬಳೆಯನ್ನು ನಾವೆಲ್ಲರೂ ಗೌರವಿಸುತ್ತೇವೆ. ಆ ಪ್ರಸಂಗಗಳು ಕೊಯ್ಲು ಮುಗಿದ ಗದ್ದೆಗಳಲ್ಲಿ, ಯಾವ ಧ್ವನಿವರ್ಧಕವೂ ಇಲ್ಲದೆ, ಇರುಳಿಡೀ ಆಡಲ್ಪಟ್ಟವು. ಅಂತಹ ಬಯಲಿನಲ್ಲಿ ಮಾತು ಜನರನ್ನು ಮುಟ್ಟಿದುದು ಹೇಗೆ? ಯಕ್ಷಗಾನದ ಕ್ರಮವನ್ನೇ ಗಮನಿಸಿರಿ. ಅರ್ಥಗಾರಿಕೆ ನಡೆಯುವಾಗ ಹಿಮ್ಮೇಳ ಮೌನ. ಭಾಮಿನಿ, ವಾರ್ಧಕ, ಕಂದಗಳನ್ನು ತಾಳವಿಲ್ಲದೆ ರಾಗದಲ್ಲಿ ಹಾಡುವ ಪದ್ಧತಿ. ಅಲ್ಲಿ ಸಾಹಿತ್ಯಕ್ಕೆ ನಿಚ್ಚಳವಾದ ದಾರಿ. ಕರುಣ, ಶೃಂಗಾರದ ಪದಗಳಿಗೆ ಚೆಂಡೆ ಸುಮ್ಮನಿದ್ದು ಮದ್ದಳೆಯೊಂದೇ ಜೊತೆಗೊಡುವುದು. ವೀರ, ರೌದ್ರಗಳಲ್ಲಿ ಮಾತಿಗಿಂತ ಆವೇಶ ಮುಖ್ಯವಾದಾಗ ಚೆಂಡೆ ಗರ್ಜಿಸುವುದು. ಯಾವಾಗ ಯಾರು ಸುಮ್ಮನಿರಬೇಕೆಂಬ ಈ ಕಟ್ಟಳೆಯೇ ಹಿರಿಯರ ಧ್ವನಿಮಿಶ್ರಣ. ಅದರಲ್ಲಿಯೂ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಇರುವುದೆಲ್ಲ ಕಿವಿಗಾಗಿಯೇ. ಶೇಣಿ ಗೋಪಾಲಕೃಷ್ಣ ಭಟ್ಟರಂತಹ (1918-2006) ಅರ್ಥಧಾರಿಗಳ ಮಾತು ಧ್ವನಿಸುರುಳಿಗಳ ಮೂಲಕ ನಮ್ಮ ಎಷ್ಟೋ ಮನೆಗಳನ್ನು ತಲಪಿದುದಕ್ಕೆ ಈ ಗುಣವೇ ಆಧಾರ.

ನಾಲ್ಕು ಸೂತ್ರಗಳು

ನಮ್ಮ ತಪ್ಪಿನ ಬಳಿಕ ಒಂಬತ್ತನೆಯ ತರಗತಿಯವರು ಶನಿವಾರಗಳಂದು ಗಣಕಯಂತ್ರದ ಕೊಠಡಿಯಲ್ಲಿ ಕುಳಿತು ಅಭ್ಯಾಸಮಾಡತೊಡಗಿದರು. ಕೇರಳದ ಶಾಲೆಗಳ ಗಣಕಯಂತ್ರಗಳಲ್ಲಿ ಬಳಕೆಯಾಗುವ 'ಅಡಾಸಿಟಿ' ಎಂಬ ಉಚಿತ ತಂತ್ರಾಂಶವೇ ಇದಕ್ಕೆ ಸಾಕಾಯಿತು. ಅವರು ಕಂಡುಕೊಂಡ ಸೂತ್ರಗಳನ್ನು ಇಲ್ಲಿ ಬರೆಯುತ್ತೇವೆ.

ಮೊದಲನೆಯದು, ಸಾಮೀಪ್ಯ. ತೆರೆದ ಸ್ಥಳದಲ್ಲಿ ದೂರ ಎರಡರಷ್ಟಾದರೆ ಧ್ವನಿಯ ಬಲ ನಾಲ್ಕರಲ್ಲೊಂದಾಗುತ್ತದೆ. ಮೈಕು ಭಾಗವತರ ಬಾಯಿಗೆ ಒಂದು ಗೇಣು, ಚೆಂಡೆಗೆ ಎಂಟು ಗೇಣು ದೂರದಲ್ಲಿದ್ದರೆ, ಒಂದು ಗೇಣು ದೂರದಲ್ಲಿ ಕೇಳುತ್ತಿದ್ದುದರ 64ರಲ್ಲಿ ಒಂದು ಪಾಲಿನಷ್ಟು ಬಲ ಮಾತ್ರ ಚೆಂಡೆಯಿಂದ ಅದನ್ನು ತಲಪುತ್ತದೆ. ಗಣಿತದ ಪುಸ್ತಕದಲ್ಲಿ ಕಂಠಪಾಠ ಮಾಡಿದ ವರ್ಗಗಳು ಹೀಗೆ ಅಂಗಳದಲ್ಲಿ ಉಪಯೋಗಕ್ಕೆ ಬಂದವು.

ಎರಡನೆಯದು, ಪ್ರತ್ಯೇಕತೆ. ಕಂಠಕ್ಕೊಂದು, ಮದ್ದಳೆಗೊಂದು, ಚೆಂಡೆಗೊಂದು ಮೈಕನ್ನಿಟ್ಟು ಬೇರೆ ಬೇರೆ ಸಾಲುಗಳಲ್ಲಿ ಮುದ್ರಿಸಿದರೆ ಆಮೇಲೆ ಯಾವುದನ್ನು ಬೇಕಾದರೂ ಹೆಚ್ಚಿಸಬಹುದು, ತಗ್ಗಿಸಬಹುದು. ಒಂದೇ ಸಾಲಿನಲ್ಲಿ ಬೆರೆತುಹೋದ ಬಳಿಕ ಅದು ಸಾರಿಗೆ ಬಿದ್ದ ಉಪ್ಪು. ಬೆರೆತ ಧ್ವನಿಯಿಂದ ಕಂಠವನ್ನು ಬೇರ್ಪಡಿಸುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಈಚೆಗೆ ಬಂದಿವೆ. ನಾವೂ ಪ್ರಯತ್ನಿಸಿದೆವು. ಸ್ವರಗಳು ತಕ್ಕಮಟ್ಟಿಗೆ ತಿಳಿಯಾದವು. ಆದರೆ ಪೂರ್ತಿಯಾಗಿ ಮುಚ್ಚಿಹೋದ ವ್ಯಂಜನವನ್ನು ಯಂತ್ರವು ಊಹಿಸಬಲ್ಲುದಲ್ಲದೆ ತಿರುಗಿ ತರಲಾರದು.

ಮೂರನೆಯದು, ತೆರವು. ನುಡಿ ಕೇಳದಿದ್ದಾಗ ಕೂಡಲೇ ಕಂಠದ ಗುಂಡಿಯನ್ನು ಏರಿಸುವುದು ಎಲ್ಲರ ಸ್ವಭಾವ. ಆಗ ಚೆಂಡೆ ಕೇಳದೆನ್ನುತ್ತಾರೆ, ಅದನ್ನೂ ಏರಿಸಬೇಕಾಗುತ್ತದೆ. ಕೊನೆಗೆ ಎಲ್ಲವೂ ಕರ್ಕಶ. ವಿವೇಕಿಯು ಏರಿಸುವುದಿಲ್ಲ, ಎಡೆ ಬಿಡಿಸುತ್ತಾನೆ. ವ್ಯಂಜನಗಳ ವಾಸಸ್ಥಾನವಾದ 2,000ರಿಂದ 4,000 ಹರ್ಟ್ಸ್‌ಗಳಲ್ಲಿ ವಾದ್ಯದ ಬಲವನ್ನು ತುಸು ತಗ್ಗಿಸಿದರೆ, ವಾದ್ಯವೂ ಕುಂದಿದಂತೆ ತೋರದೆ ನುಡಿ ಮೇಲೆದ್ದು ಬರುತ್ತದೆ.

ನಾಲ್ಕನೆಯದು, ಮೌನದ ರಕ್ಷಣೆ. ಇದು ನಮ್ಮ ಭಾಷೆಗೆ ವಿಶೇಷವಾಗಿ ಸಂಬಂಧಿಸಿದ್ದು. 'ಕತೆ' ಮತ್ತು 'ಕತ್ತೆ' ಎಂಬ ಮಾತುಗಳನ್ನು ವಿದ್ಯಾರ್ಥಿಗಳು ಗಣಕಯಂತ್ರದಲ್ಲಿ ಮುದ್ರಿಸಿ ಅಲೆಗಳ ಚಿತ್ರವನ್ನು ನೋಡಿದರು. ಎರಡರಲ್ಲಿಯೂ ಮೊದಲು 'ಕ', ಕೊನೆಗೆ 'ತೆ'. ಕಣ್ಣಿಗೆ ಕಂಡ ದೊಡ್ಡ ವ್ಯತ್ಯಾಸವೆಂದರೆ ನಡುವಿನ ಮೌನದ ಉದ್ದ. ನಾಲಗೆ ಹಲ್ಲಿಗೆ ತಾಗಿ ದನಿ ನಿಂತಿರುವ ಕಾಲವು 'ಕತೆ'ಯಲ್ಲಿ ಗಿಡ್ಡ, 'ಕತ್ತೆ'ಯಲ್ಲಿ ಉದ್ದ. ಒತ್ತಕ್ಷರವೆಂದು ನಾವು ಬರೆಯುವುದು ಇಲ್ಲಿ ಹೆಚ್ಚಿನ ಸದ್ದಲ್ಲ, ಹೆಚ್ಚಿನ ಮೌನ! ಸಭಾಂಗಣದ ಗೋಡೆಗಳ ಪ್ರತಿಧ್ವನಿಯೋ, ಇಂಪಿಗೆಂದು ಯಂತ್ರದಿಂದ ಸೇರಿಸಿದ ಗುಂಯ್‌ಗಾರವೋ ಆ ಮೌನವನ್ನು ತುಂಬಿದರೆ ಕತ್ತೆಯು ಕತೆಯಾಗುತ್ತದೆ. ಹುಡುಗರು ಇದನ್ನು ಕಂಡು ನಕ್ಕು ನಕ್ಕು ದಣಿದರು. ಆದರೆ ಅದರ ಬಳಿಕ ಅವರ ಉಕ್ತಲೇಖನದಲ್ಲಿ ಒತ್ತಕ್ಷರದ ತಪ್ಪುಗಳು ಕಡಿಮೆಯಾದುದನ್ನು ನಮ್ಮ ಕನ್ನಡ ಪಂಡಿತರು ಗಮನಿಸಿದರು.

ನಮ್ಮ ಮಕ್ಕಳ ಕಿವಿಗೆ ಒಂದು ವಿಶೇಷ ಸಂಪತ್ತಿದೆ ಎಂಬುದನ್ನೂ ಇಲ್ಲಿ ಹೇಳಬೇಕು. 1956ರ ನವೆಂಬರ 1ರಂದು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಿಂದ ಕೇರಳಕ್ಕೆ ಸೇರಿದ, 1984ರಲ್ಲಿ ತಾನೇ ಜಿಲ್ಲೆಯಾದ ಈ ಕಾಸರಗೋಡಿನಲ್ಲಿ ಮನೆಯಲ್ಲೊಂದು, ಪೇಟೆಯಲ್ಲೊಂದು, ಶಾಲೆಯಲ್ಲೊಂದು ಭಾಷೆಯನ್ನು ಕೇಳುತ್ತ ಮಕ್ಕಳು ಬೆಳೆಯುತ್ತಾರೆ. ಹಳಗನ್ನಡದಲ್ಲಿ 'ಮೞೆ' ಎಂದು ಬರೆಯುತ್ತಿದ್ದ ಮಾತು ಇಂದು ಕನ್ನಡದಲ್ಲಿ 'ಮಳೆ'ಯಾಗಿದೆ. ಆ ಹಳೆಯ ೞಕಾರವನ್ನು ನಾವು ಕಳೆದುಕೊಂಡೆವು. ಆದರೆ ಮಲಯಾಳದಲ್ಲಿ ಅದು ಇಂದಿಗೂ ಜೀವಂತವಾಗಿದೆ. ಬೇರೆಡೆಯ ಕನ್ನಡ ವಿದ್ಯಾರ್ಥಿ ಪುಸ್ತಕದಲ್ಲಿ ಮಾತ್ರ ಕಾಣುವ ಅಕ್ಷರದ ಧ್ವನಿಯನ್ನು ನಮ್ಮ ವಿದ್ಯಾರ್ಥಿ ಬಸ್ಸಿನಲ್ಲಿ ದಿನವೂ ಕೇಳುತ್ತಾನೆ. ನೆರೆಯ ಭಾಷೆಯನ್ನು ಚೆನ್ನಾಗಿ ಕೇಳಬಲ್ಲವನು ತನ್ನ ಭಾಷೆಯನ್ನೂ ಚೆನ್ನಾಗಿ ಕೇಳುತ್ತಾನೆ.

ಅಜ್ಜನ ಪದ

ಇನ್ನು ಮೊದಲಿನ ವಿಷಯಕ್ಕೆ ಬರೋಣ. ಎರಡು ಪದಗಳ ಸಾಹಿತ್ಯ ಅಚ್ಚಿನ ಪುಸ್ತಕದಲ್ಲಿ ದೊರೆಯಿತು. ಪುಸ್ತಕ ಹಿಡಿದು ಕೇಳಿದಾಗ ಮುಚ್ಚಿಹೋದ ಅಕ್ಷರಗಳೂ ಕೇಳಿದಂತೆಯೇ ಆಯಿತು. ತಿಳಿದ ಮಾತು ಬೇಗ ಕೇಳುತ್ತದೆ. ಕಿವಿಯ ಕೆಲಸದಲ್ಲಿ ಅರ್ಧ ಮನಸ್ಸಿನದು.

ಮೂರನೆಯದಕ್ಕೆ ಪುಸ್ತಕವಿರಲಿಲ್ಲ. ಆಗ ನಮಗೆ ನೆರವಾದುದು ಛಂದಸ್ಸು. ಆ ಪದ ಝಂಪೆ ತಾಳದ್ದು. ಐದೈದು ಮಾತ್ರೆಗಳ ಗಣಗಳು. ಲಘುವಿಗೆ ಒಂದು, ಗುರುವಿಗೆ ಎರಡು ಮಾತ್ರೆಯೆಂದು ತರಗತಿಯಲ್ಲಿ ಕಲಿತದ್ದನ್ನು ಹಿಡಿದು ವಿದ್ಯಾರ್ಥಿಗಳು ಎಣಿಸತೊಡಗಿದರು. ಕೇಳಿದ ಸ್ವರಗಳನ್ನು ಬರೆದುಕೊಂಡರು: ಇಲ್ಲಿ ಒಂದು 'ಆ', ಇಲ್ಲಿ 'ಇ', ಇಲ್ಲಿ ಎರಡು ಮಾತ್ರೆಯ ತೆರವು. ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಪ್ರಾಸವಿರಬೇಕೆಂಬ ನಿಯಮದಿಂದ, ಒಂದು ಪಾದದಲ್ಲಿ ಕೇಳಿದ ವ್ಯಂಜನವು ಇನ್ನೊಂದು ಪಾದದಲ್ಲಿ ಕೇಳದುದನ್ನು ತೋರಿಸಿಕೊಟ್ಟಿತು. ಮೊಮ್ಮಗಳು ತನ್ನ ಅಜ್ಜಿಯನ್ನು ಕೇಳಿಕೊಂಡು ಬಂದು ಇನ್ನೆರಡು ಮಾತುಗಳನ್ನು ತುಂಬಿಸಿದಳು. ಛಂದಸ್ಸು ಪರೀಕ್ಷೆಯ ಐದು ಅಂಕಗಳಿಗೆ ಮಾತ್ರವೆಂದು ಭಾವಿಸಿದ್ದ ಹುಡುಗರೇ ಅಂದು ಪ್ರಸ್ತಾರ ಹಾಕುವುದಕ್ಕೆ ನಾ ಮುಂದು ತಾ ಮುಂದು ಎಂದರು.

ನಾಲ್ಕು ಶನಿವಾರಗಳ ಬಳಿಕ ಪದ ಸಿದ್ಧವಾಯಿತು. ಪೂರ್ತಿಯಾಗಿ ಅಲ್ಲ. ಎರಡು ಕಡೆಗಳಲ್ಲಿ ಐದು ಮಾತ್ರೆಗಳ ಒಂದೊಂದು ಗಣ ಇಂದಿಗೂ ತೆರವಾಗಿಯೇ ಇದೆ. ಅರ್ಥಕ್ಕೆ ಒಪ್ಪುವ ಮಾತನ್ನು ಕಲ್ಪಿಸಿ ತುಂಬಿಸಬಹುದೆಂದು ಒಬ್ಬ ವಿದ್ಯಾರ್ಥಿ ಸೂಚಿಸಿದನು. ಮೊಮ್ಮಗಳು ಒಪ್ಪಲಿಲ್ಲ. "ಅದು ಅಜ್ಜ ಹಾಡಿದ್ದಲ್ಲವಲ್ಲ" ಎಂದಳು. ಅವಳ ಮಾತೇ ಸರಿಯೆಂದು ನಮಗೂ ತೋರಿತು. ಆ ಸ್ಥಳಗಳಲ್ಲಿ ಐದೈದು ಚುಕ್ಕಿಗಳನ್ನಿಟ್ಟು ಪದವನ್ನು ಬರೆದು ಶಾಲೆಯ ಪುಸ್ತಕಭಂಡಾರದಲ್ಲಿ ಇರಿಸಿದ್ದೇವೆ. ಆ ಹತ್ತು ಚುಕ್ಕಿಗಳು ನಮ್ಮ ಅಜಾಗರೂಕತೆಯ ಲೆಕ್ಕ.

ಮನೆಯಲ್ಲಿ ಮಾಡತಕ್ಕ ಅಭ್ಯಾಸಗಳು

1. ಒಂದೇ ಶ್ರುತಿಯಲ್ಲಿ ಆ, ಈ, ಊ, ಏ, ಓ ಎಂದು ಹಾಡಿರಿ. ಬದಲಾಗುವುದು ಯಾವುದು, ಬದಲಾಗದಿರುವುದು ಯಾವುದು ಎಂದು ಬರೆಯಿರಿ.

2. 'ಹಳಿ, ಹಳ್ಳಿ', 'ಬಲೆ, ಬಲ್ಲೆ', 'ಕತೆ, ಕತ್ತೆ' ಎಂಬ ಜೋಡಿಗಳನ್ನು ಬರಿಯ ಕೋಣೆಯಲ್ಲಿ ಒಮ್ಮೆ, ಬಟ್ಟೆಬರೆ ತುಂಬಿದ ಕೋಣೆಯಲ್ಲಿ ಒಮ್ಮೆ ಮುದ್ರಿಸಿ ಹೋಲಿಸಿರಿ.

3. ತಮ್ಮನೋ ತಂಗಿಯೋ ತಟ್ಟೆ ಬಡಿಯುತ್ತಿರುವಾಗ ನೀವು ಒಂದು ಪದ್ಯವನ್ನು ಓದಿರಿ. ಫೋನನ್ನು ಮೊದಲು ತಟ್ಟೆಯ ಬಳಿ, ಆಮೇಲೆ ನಿಮ್ಮ ಬಾಯಿಗೆ ಒಂದು ಗೇಣು ದೂರದಲ್ಲಿರಿಸಿ ಎರಡನ್ನೂ ಕೇಳಿರಿ.

ಪೋಷಕರಲ್ಲಿ ನಮ್ಮದೊಂದು ವಿನಂತಿ. ನಿಮ್ಮ ಮನೆಗಳಲ್ಲಿ ಶೋಭಾನೆ ಬಲ್ಲ ಅಜ್ಜಿಯರಿದ್ದಾರೆ, ಪಾಡ್ದನ ಬಲ್ಲ ಹಿರಿಯರಿದ್ದಾರೆ, ಹಳೆಯ ಮಟ್ಟಿನಲ್ಲಿ ಪದ ಹೇಳಬಲ್ಲವರಿದ್ದಾರೆ. ಈಗ ಎಲ್ಲರ ಕೈಯಲ್ಲಿಯೂ ಧ್ವನಿ ಹಿಡಿಯುವ ಉಪಕರಣವಿದೆ. ಮಕ್ಕಳನ್ನು ಹಿರಿಯರ ಬಳಿ ಕುಳ್ಳಿರಿಸಿರಿ. ಬೀಸಣಿಗೆ ನಿಲ್ಲಿಸಿ, ಟಿ.ವಿ. ಆರಿಸಿ, ಫೋನನ್ನು ಬಾಯಿಗೆ ಒಂದು ಗೇಣು ದೂರದಲ್ಲಿ ಹಿಡಿಯಲಿ. ಮೊದಲು ವಾದ್ಯವಿಲ್ಲದೆ, ನಿಧಾನವಾಗಿ, ಒಮ್ಮೆ ಬರಿಯ ಮಾತಿನಲ್ಲಿ ಹೇಳಿಸಲಿ, ಆಮೇಲೆ ಹಾಡಿಸಲಿ. ಅಂದೇ ಅದನ್ನು ಬರೆದಿಡಲಿ; ಸಂದೇಹವಿದ್ದರೆ ಮರುದಿನವೇ ಕೇಳಲಿ. ಕೇಳುವುದಕ್ಕೆ ಅವರು ಇರುವಾಗಲೇ ಕೇಳಬೇಕು.

ಬರುವ ವಾರ್ಷಿಕೋತ್ಸವದ ತಾಳಮದ್ದಳೆಗೆ ಒಂಬತ್ತನೆಯ ತರಗತಿಯವರೇ ಮೈಕುಗಳನ್ನು ಇಡಲಿದ್ದಾರೆ. ಭಾಗವತರ ಮುಂದೆ ಒಂದು ಗೇಣು ಎಷ್ಟೆಂದು ಅಳೆಯುವ ಕೆಲಸವನ್ನು ಆ ಮೊಮ್ಮಗಳು ವಹಿಸಿಕೊಂಡಿದ್ದಾಳೆ.